ಮರಳುಗಾಡಿನಲ್ಲೊಂದು ಮಹಾನಿಲ್ದಾಣ

2024ರ ಏಪ್ರಿಲ್ 16ರಂದು ದುಬೈ ನಗರದ ಮೇಲೆ ಮುಗಿಲು ಹರಿದುಬಿದ್ದಂತೆ ಮಳೆ ಸುರಿಯಿತು. ಇಡೀ ವರ್ಷದ ಮಳೆಯನ್ನು ಕೂಡಿಸಿದರೂ ನಾಲ್ಕಂಗುಲ ದಾಟುವುದು ಅಪರೂಪವಾದ ಆ ಊರು, ಒಂದೇ ದಿನದಲ್ಲಿ ಅದಕ್ಕಿಂತ ಹೆಚ್ಚು ನೀರನ್ನು ಕಂಡಿತು. 1949ರಲ್ಲಿ ಮಳೆಯ ಲೆಕ್ಕವಿಡತೊಡಗಿದಂದಿನಿಂದ ಆ ನಾಡಿನಲ್ಲಿ ಅಂಥ ಮಳೆ ಬಿದ್ದಿರಲಿಲ್ಲ. ಬೀದಿಗಳು ಹೊಳೆಗಳಾದವು. ಜಗತ್ತಿನಲ್ಲೇ ಅತಿ ಹೆಚ್ಚು ಅಂತರರಾಷ್ಟ್ರೀಯ ಪ್ರಯಾಣಿಕರು ಬಂದುಹೋಗುವ ವಿಮಾನನಿಲ್ದಾಣವು ಕೆರೆಯಾಗಿ ಮಾರ್ಪಟ್ಟಿತು. ನೂರಾರು ಟನ್ ತೂಕದ ವಿಮಾನಗಳು ನೀರನ್ನು ಸೀಳಿಕೊಂಡು ದೋಣಿಗಳಂತೆ ತೆವಳಿದುದನ್ನು ಲೋಕವೆಲ್ಲ ಚಿತ್ರಗಳಲ್ಲಿ ನೋಡಿ ಬೆರಗಾಯಿತು. ಎರಡು ದಿನಗಳಲ್ಲಿ ಸಾವಿರಕ್ಕೂ ಹೆಚ್ಚು ಹಾರಾಟಗಳು ರದ್ದಾದವು. ನೂರು ದೇಶಗಳ ಜನ ಗಂಟುಮೂಟೆಗಳನ್ನೇ ತಲೆದಿಂಬು ಮಾಡಿಕೊಂಡು ನಿಲ್ದಾಣದ ನೆಲದ ಮೇಲೆ ರಾತ್ರಿ ಕಳೆದರು.

ಇದಾದ ಹನ್ನೆರಡನೆಯ ದಿನ, ಏಪ್ರಿಲ್ 28ರಂದು, ದುಬೈನ ಅರಸರಾದ ಶೇಖ್ ಮಹಮ್ಮದ್ ಬಿನ್ ರಶೀದ್ ಅಲ್ ಮಕ್ತೂಮ್ ಅವರು ಒಂದು ಘೋಷಣೆ ಹೊರಡಿಸಿದರು. ಈಗಿನ ನಿಲ್ದಾಣದ ಐದು ಪಟ್ಟು ದೊಡ್ಡದಾದ ಹೊಸದೊಂದು ನಿಲ್ದಾಣವು ನಗರದ ದಕ್ಷಿಣಕ್ಕಿರುವ ಜೆಬೆಲ್ ಅಲಿಯ ಮರಳುಗಾಡಿನಲ್ಲಿ ತಲೆಯೆತ್ತಲಿದೆ. ಹತ್ತು ವರ್ಷಗಳೊಳಗೆ ಹಳೆಯ ನಿಲ್ದಾಣದ ಎಲ್ಲ ವ್ಯವಹಾರವೂ ಅಲ್ಲಿಗೆ ವರ್ಗವಾಗಲಿದೆ. ಮಳೆಗೂ ಈ ಘೋಷಣೆಗೂ ಕಾರ್ಯಕಾರಣ ಸಂಬಂಧವಿಲ್ಲ. ಯೋಜನೆ ಬಹಳ ಹಿಂದಿನದು. ಆದರೂ ಮೊನ್ನೆಯಷ್ಟೇ ನೀರಿನಲ್ಲಿ ಮುಳುಗಿ ಎದ್ದ ಊರೊಂದು ಇಷ್ಟು ದೊಡ್ಡ ಮಾತನ್ನಾಡಿದುದು ಅನೇಕರಿಗೆ ಸೋಜಿಗವೆನಿಸಿತು.

ಆ ಮಾತಿನ ಅಳತೆಯನ್ನೊಮ್ಮೆ ನೋಡಬೇಕು. ವಿಮಾನಗಳು ಓಡಿ ಮೇಲೇರಲು, ಇಳಿದು ನಿಲ್ಲಲು ಬೇಕಾದ ರನ್‌ವೇಗಳು ಐದು, ಒಂದಕ್ಕೊಂದು ಸಮಾನಾಂತರ. ವಿಮಾನಗಳು ಬಂದು ಆತುಕೊಳ್ಳಲು 400 ದ್ವಾರಗಳು. ಒಟ್ಟು ನೆಲ 70 ಚದರ ಕಿಲೋಮೀಟರು, ಎಂದರೆ 17,000 ಎಕರೆಗೂ ಮಿಗಿಲು. ಲಂಡನ್ನಿನ ಹೆಸರಾಂತ ಹೀಥ್ರೂ ನಿಲ್ದಾಣದ ವಿಸ್ತೀರ್ಣ ಸುಮಾರು 12 ಚದರ ಕಿಲೋಮೀಟರು ಮಾತ್ರ. ಮೊದಲ ಹಂತದಲ್ಲಿ ವರ್ಷಕ್ಕೆ 15 ಕೋಟಿ, ಕೊನೆಗೆ 26 ಕೋಟಿ ಪ್ರಯಾಣಿಕರು, ಜೊತೆಗೆ 1.2 ಕೋಟಿ ಟನ್ ಸರಕು. ಸುತ್ತಲೂ ಹತ್ತು ಲಕ್ಷ ಜನರ ವಾಸಕ್ಕೆ ಒಂದು ನಗರ. ಅಂದಾಜು ವೆಚ್ಚ 12,800 ಕೋಟಿ ದಿರ್ಹಾಂ; ಆಗಿನ ವಿನಿಮಯ ದರದಲ್ಲಿ ಸುಮಾರು 2.9 ಲಕ್ಷ ಕೋಟಿ ರೂಪಾಯಿ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಮ್ಮ ಹಿರಿಯರ ಮಾತು. ದುಬೈನ ನೀತಿಯೇ ಬೇರೆ. ಅಲ್ಲಿ ಮೊದಲು ಕಾಲು ಚಾಚುತ್ತಾರೆ; ಆಮೇಲೆ ಅದಕ್ಕೆ ತಕ್ಕ ಹಾಸಿಗೆಯನ್ನು ನೇಯುತ್ತಾರೆ. ಈ ವಿಚಿತ್ರ ನೀತಿ ಆ ಊರಿಗೆ ಹೇಗೆ ಬಂದಿತು, ಇಲ್ಲಿಯವರೆಗೆ ಹೇಗೆ ಫಲಿಸಿತು ಎಂಬುದನ್ನು ಅರಿಯಬೇಕಾದರೆ ಸುಮಾರು ತೊಂಬತ್ತು ವರ್ಷ ಹಿಂದಕ್ಕೆ ಹೋಗಬೇಕು.

ನೀರಿನ ಮೇಲಿಳಿದ ವಿಮಾನ

ದುಬೈಗೆ ವಿಮಾನ ಸಂಚಾರ ಮೊದಲು ಬಂದದ್ದು ನೀರಿನ ಮೇಲೆಯೇ ಎಂಬುದು ಕುತೂಹಲದ ಸಂಗತಿ. ಊರನ್ನು ಎರಡಾಗಿ ಸೀಳಿಕೊಂಡು ಒಳನುಗ್ಗಿರುವ ಸಮುದ್ರದ ಕಿರಿಯ ತೋಳೊಂದಿದೆ. ಅದನ್ನು 'ಕ್ರೀಕ್' ಎಂದು ಕರೆಯುತ್ತಾರೆ. ಬ್ರಿಟಿಷರ ಇಂಪೀರಿಯಲ್ ಏರ್‌ವೇಸ್ ಕಂಪನಿಯ ನೀರುವಿಮಾನಗಳು ಅಲ್ಲಿ ಇಳಿಯಲು 1937ರಲ್ಲಿ ಒಪ್ಪಂದವಾಯಿತು. ಕಾವಲುಗಾರರ ಸಂಬಳವೂ ಸೇರಿ ನೆಲೆಯ ಬಾಡಿಗೆ ತಿಂಗಳಿಗೆ 440 ರೂಪಾಯಿ. ಹೌದು, ರೂಪಾಯಿ! ಆ ಕಾಲದಲ್ಲಿ ಕೊಲ್ಲಿಯ ನಾಡುಗಳಲ್ಲಿ ಚಲಾವಣೆಯಲ್ಲಿದ್ದುದು ಭಾರತದ ನಾಣ್ಯವೇ.

ಆ ದಿನಗಳಲ್ಲಿ ದುಬೈ ಬಡ ಊರು. ಮುತ್ತಿನ ವ್ಯಾಪಾರ ಅದರ ಉಸಿರಾಗಿತ್ತು. ಜಪಾನಿನವರು ಮುತ್ತನ್ನು ಸಾಕಿ ಬೆಳೆಸುವ ವಿದ್ಯೆಯನ್ನು ಕಂಡುಹಿಡಿದುದೂ, ಲೋಕವನ್ನೆಲ್ಲ ಆವರಿಸಿದ ಆರ್ಥಿಕ ಮುಗ್ಗಟ್ಟೂ ಒಟ್ಟಿಗೆ ಬಂದು, 1930ರ ದಶಕದಲ್ಲಿ ಆ ಉಸಿರು ಕಟ್ಟಿಹೋಯಿತು. ಉಳಿದದ್ದು ಕ್ರೀಕ್ ಒಂದೇ. ಅದೂ ಹೂಳು ತುಂಬಿ, ನಾವೆಗಳು ಒಳಬರಲಾರದ ಸ್ಥಿತಿಗೆ ಬಂದಿತ್ತು.

1958ರಲ್ಲಿ ಪಟ್ಟಕ್ಕೆ ಬಂದ ಶೇಖ್ ರಶೀದ್ ಬಿನ್ ಸಯೀದ್ ಅವರು ಮೊದಲು ಕೈಹಾಕಿದ್ದು ಈ ಹೂಳಿಗೆ. ಬೊಕ್ಕಸದಲ್ಲಿ ಹಣವಿರಲಿಲ್ಲ. ಕುವೈತಿನಿಂದ ಸಾಲ ತಂದು ಕ್ರೀಕನ್ನು ಆಳ ಮಾಡಿಸಿದರು. 1959ರಲ್ಲಿಯೇ ವಿಮಾನನಿಲ್ದಾಣವನ್ನು ಕಟ್ಟಲು ಅಪ್ಪಣೆಯಿತ್ತರು. ನೆರೆಯ ಶಾರ್ಜಾದಲ್ಲಿ 1932ರಿಂದಲೇ ವಿಮಾನಗಳು ಇಳಿಯುತ್ತಿದ್ದವು. ಕೂಗಳತೆಯಲ್ಲಿ ಇನ್ನೊಂದೇಕೆ ಎಂದು ಯಾರಾದರೂ ಕೇಳಿದ್ದರೆ ಆ ಪ್ರಶ್ನೆ ನ್ಯಾಯವೇ ಆಗಿತ್ತು. 1960ರ ಸೆಪ್ಟೆಂಬರಿನಲ್ಲಿ ಆ ನಿಲ್ದಾಣ ತೆರೆಯಿತು. ಅದರ ರನ್‌ವೇ ಎಂದರೆ ಗಟ್ಟಿಯಾಗಿ ಅಡಕಿದ ಮರಳಿನ 1,800 ಮೀಟರ್ ಹಾದಿ, ಅಷ್ಟೆ. ಡಾಂಬರಿನ ರನ್‌ವೇ ಬಂದದ್ದು 1965ರಲ್ಲಿ.

ಇಲ್ಲೊಂದು ಅಂಶವನ್ನು ಗಮನಿಸಬೇಕು. ದುಬೈನಲ್ಲಿ ತೈಲ ದೊರೆತದ್ದು 1966ರಲ್ಲಿ. ತೈಲದ ಹಣದಿಂದ ನಿಲ್ದಾಣವಾಯಿತೆಂಬುದು ಸಾಮಾನ್ಯ ನಂಬಿಕೆ. ನಿಜದಲ್ಲಿ ನಿಲ್ದಾಣವೇ ಮೊದಲು, ತೈಲ ಆಮೇಲೆ. ಬಂದ ತೈಲವೂ ಅಬುಧಾಬಿಯ ಪಾಲಿಗೆ ಹೋಲಿಸಿದರೆ ಅತ್ಯಲ್ಪ. ಅದು ಬತ್ತುವ ಮುನ್ನ ಅದರ ಹಣವನ್ನು ಬಂದರಿಗೂ ನಿಲ್ದಾಣಕ್ಕೂ ಹಾಕಿ, ಬಂದುಹೋಗುವವರನ್ನೇ ನಂಬಿ ಬದುಕುವ ದಾರಿಯನ್ನು ದುಬೈ ಹಿಡಿಯಿತು. 1979ರಲ್ಲಿ ಜೆಬೆಲ್ ಅಲಿಯ ಬಂದರು ತೆರೆದಾಗ, ನಿರ್ಜನ ತೀರದಲ್ಲಿ ಇಷ್ಟು ದೊಡ್ಡ ಬಂದರು ಯಾರಿಗೆ ಎಂದು ನಕ್ಕವರುಂಟು. ಇಂದು ಅದು ಪಶ್ಚಿಮ ಏಷ್ಯದ ಪ್ರಮುಖ ಬಂದರುಗಳಲ್ಲೊಂದು. 1985ರ ಅಕ್ಟೋಬರಿನಲ್ಲಿ ಪಾಕಿಸ್ತಾನದ ಸಂಸ್ಥೆಯಿಂದ ಬಾಡಿಗೆಗೆ ಪಡೆದ ವಿಮಾನಗಳೊಂದಿಗೆ ಎಮಿರೇಟ್ಸ್ ಸಂಸ್ಥೆ ಹಾರಾಟಕ್ಕಿಳಿದಾಗಲೂ ಅದನ್ನು ಗಣ್ಯವಾಗಿ ಎಣಿಸಿದವರು ಕಡಿಮೆ. 2014ರ ಹೊತ್ತಿಗೆ, ಅಂತರರಾಷ್ಟ್ರೀಯ ಪ್ರಯಾಣಿಕರ ಲೆಕ್ಕದಲ್ಲಿ ದುಬೈ ನಿಲ್ದಾಣವು ಹೀಥ್ರೂವನ್ನು ಹಿಂದಿಕ್ಕಿತ್ತು.

ನಡೆಯುತ್ತಿರುವುದನ್ನು ಬಿಡುವುದೇಕೆ?

ಹಾಗಿದ್ದರೆ, ಇಷ್ಟು ಚೆನ್ನಾಗಿ ನಡೆಯುತ್ತಿರುವ ನಿಲ್ದಾಣವನ್ನು ತೊರೆಯುವುದೇಕೆ? ಉತ್ತರ ಸರಳ: ಅದಕ್ಕೆ ಬೆಳೆಯಲು ಜಾಗವಿಲ್ಲ. ಒಂದು ಕಾಲಕ್ಕೆ ಊರ ಹೊರಗಿದ್ದ ನಿಲ್ದಾಣವನ್ನು ಊರು ನಾಲ್ಕೂ ಕಡೆಯಿಂದ ಸುತ್ತುಗಟ್ಟಿದೆ. 2024ರಲ್ಲಿ ಅಲ್ಲಿ ಹಾದುಹೋದವರು 9.23 ಕೋಟಿ ಜನ.

ಕಟ್ಟಡವನ್ನು ಮಹಡಿಯ ಮೇಲೆ ಮಹಡಿಯೇರಿಸಿ ಹಿಗ್ಗಿಸಬಹುದು. ರನ್‌ವೇಯನ್ನು ಹಾಗೆ ಹಿಗ್ಗಿಸಲಾಗದು. ಹಳೆಯ ನಿಲ್ದಾಣದ ಎರಡು ರನ್‌ವೇಗಳ ನಡುವಿನ ಅಂತರ 400 ಮೀಟರಿಗೂ ಕಡಿಮೆ. ಎರಡು ವಿಮಾನಗಳು ಒಂದರ ಗೊಡವೆ ಇನ್ನೊಂದಕ್ಕಿಲ್ಲದೆ ಅಕ್ಕಪಕ್ಕದಲ್ಲಿ ಏಕಕಾಲಕ್ಕೆ ಇಳಿಯಬೇಕಾದರೆ ನಡುವೆ ಒಂದು ಕಿಲೋಮೀಟರಿಗೂ ಹೆಚ್ಚು ಅಂತರ ಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಹೀಗಾಗಿ ಅಲ್ಲಿ ರನ್‌ವೇ ಎರಡಿದ್ದರೂ ಅವು ಒಂದನ್ನೊಂದು ಕಾದು ನಡೆಯಬೇಕಾಗಿದೆ. ಜೆಬೆಲ್ ಅಲಿಯಲ್ಲಿ ಐದು ರನ್‌ವೇಗಳನ್ನು ಬೇಕಾದಷ್ಟು ದೂರದೂರ ಹಾಸಬಹುದು. ಮರಳುಗಾಡಿನಲ್ಲಿ ಸುಲಭವಾಗಿ ಸಿಗುವ ಸಂಪತ್ತೆಂದರೆ ಬಯಲೊಂದೇ. ಬಂದರು ಅಲ್ಲಿಂದ ಸಮೀಪ. ಹಡಗಿನಲ್ಲಿ ಬಂದ ಸರಕನ್ನು ಕೆಲವೇ ಗಂಟೆಗಳಲ್ಲಿ ವಿಮಾನಕ್ಕೇರಿಸಬಹುದೆಂಬುದು ಮತ್ತೊಂದು ಲಾಭ.

ದುಬೈಗೆ ಇದು ಬರಿಯ ಅನುಕೂಲದ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆ. ಆಕ್ಸ್‌ಫರ್ಡ್ ಎಕನಾಮಿಕ್ಸ್ ಸಂಸ್ಥೆಯ ಲೆಕ್ಕದಂತೆ, 2023ರಲ್ಲಿ ದುಬೈನ ಒಟ್ಟು ಉತ್ಪನ್ನದಲ್ಲಿ ವಿಮಾನಯಾನ ಮತ್ತು ಅದನ್ನು ನೆಚ್ಚಿದ ವ್ಯವಹಾರಗಳ ಪಾಲು ಶೇಕಡ 27. ನದಿಯಿಲ್ಲದ, ಗದ್ದೆಯಿಲ್ಲದ ಊರಿಗೆ ನಿಲ್ದಾಣವೇ ಕೆರೆ, ನಿಲ್ದಾಣವೇ ಹೊಲ.

ಮರಳಿದ್ದರೂ ಮರಳಿಲ್ಲ

ಬಯಲು ಬೇಕಾದಷ್ಟಿದೆಯೆಂದ ಮಾತ್ರಕ್ಕೆ ಕಟ್ಟುವ ಕೆಲಸ ಸುಲಭವೆಂದಲ್ಲ. ಮರುಭೂಮಿಯಲ್ಲಿ ಎಂಜಿನಿಯರರಿಗೆ ಎದುರಾಗುವ ಮೊದಲ ವಿಪರ್ಯಾಸವೆಂದರೆ ಮರಳಿನ ಅಭಾವ! ಕಣ್ಣು ಹಾಯುವವರೆಗೂ ಹಬ್ಬಿರುವ ಆ ಮರಳು ಕಾಂಕ್ರೀಟಿಗೆ ಒಗ್ಗುವುದಿಲ್ಲ. ಸಾವಿರಾರು ವರ್ಷಗಳ ಗಾಳಿ ಅದರ ಕಣಗಳನ್ನು ಉರುಳಿಸಿ ಉರುಳಿಸಿ, ಸಾಸಿವೆಯಂತೆ ದುಂಡಗೆ, ಹಿಟ್ಟಿನಂತೆ ನುಣ್ಣಗೆ ಮಾಡಿಬಿಟ್ಟಿದೆ. ಸಿಮೆಂಟಿನೊಡನೆ ಬಿಗಿಯಾಗಿ ಕೂಡಿಕೊಳ್ಳಬೇಕಾದರೆ ಕಣಗಳಿಗೆ ಮೂಲೆ ಮೊನೆಗಳಿರಬೇಕು. ಆದ್ದರಿಂದ ದೇಶದ ಪೂರ್ವದಲ್ಲಿರುವ ಹಜರ್ ಬೆಟ್ಟಸಾಲಿನ ಬಂಡೆಯನ್ನು ಒಡೆದು, ಪುಡಿಮಾಡಿ, ಲಾರಿಗಳಲ್ಲಿ ಹೊತ್ತು ತರುತ್ತಾರೆ.

ಎರಡನೆಯ ಶತ್ರು ಉಪ್ಪು. ಕೊಲ್ಲಿಯ ಕರಾವಳಿಯ ಹಲವೆಡೆ ನೆಲದಡಿ ಕೆಲವೇ ಅಡಿಗಳಲ್ಲಿ ಉಪ್ಪುನೀರು ನಿಂತಿರುತ್ತದೆ. ಬಿಸಿಲು ಅದನ್ನು ಮೇಲಕ್ಕೆ ಹೀರುತ್ತದೆ. ನೀರು ಆರಿ ಉಪ್ಪು ಉಳಿಯುತ್ತದೆ. ಅರಬ್ಬರು ಇಂಥ ನೆಲವನ್ನು 'ಸಬ್ಖಾ' ಎನ್ನುತ್ತಾರೆ. ಈ ಉಪ್ಪು ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣದ ಸರಳುಗಳನ್ನು ಗೆದ್ದಲಿನಂತೆ ತಿನ್ನುತ್ತದೆ. ಅದಕ್ಕಾಗಿ ವಿಶೇಷ ಸಿಮೆಂಟ್ ಮಿಶ್ರಣ, ತಳಪಾಯಕ್ಕೆ ನೀರು ತಡೆಯುವ ಹೊದಿಕೆ ಬೇಕು. ಕಾಂಕ್ರೀಟ್ ಕಲಸಲು ಸಿಹಿನೀರೇ ಬೇಕು. ಆ ಸಿಹಿನೀರನ್ನು ಸಮುದ್ರದಿಂದಲೇ ಉಪ್ಪು ಬೇರ್ಪಡಿಸಿ ಪಡೆಯಬೇಕು. ಅಲ್ಲಿ ಪ್ರತಿಯೊಂದು ಬಿಂದಿಗೆ ನೀರಿನ ಹಿಂದೆಯೂ ಉರಿದ ಇಂಧನದ ಲೆಕ್ಕವಿದೆ.

ಮೂರನೆಯದು ಬಿಸಿಲು. ಬೇಸಗೆಯಲ್ಲಿ ಉಷ್ಣಾಂಶ 45 ಡಿಗ್ರಿಯನ್ನು ದಾಟುವುದುಂಟು. ಅಂಥ ಹಗಲಿನಲ್ಲಿ ಸುರಿದ ಕಾಂಕ್ರೀಟ್ ಹದವಾಗಿ ಗಟ್ಟಿಯಾಗುವ ಮೊದಲೇ ಒಣಗಿ ಬಿರುಕುಬಿಡುತ್ತದೆ. ಆದಕಾರಣ ಕೊಲ್ಲಿಯ ನಾಡುಗಳಲ್ಲಿ ದೊಡ್ಡ ಎರಕದ ಕೆಲಸವನ್ನು ರಾತ್ರಿಯ ಹೊತ್ತು, ನೀರಿನ ಬದಲು ಮಂಜುಗಡ್ಡೆಯ ಚೂರುಗಳನ್ನು ಬೆರೆಸಿ ಮಾಡುವುದು ರೂಢಿ. ಬಿಸಿಲಿನ ಉಪದ್ರವ ಕಟ್ಟಿದ ಮೇಲೂ ತಪ್ಪದು. ಕಾದ ಗಾಳಿ ತೆಳುವಾಗುತ್ತದೆ. ತೆಳುವಾದ ಗಾಳಿ ರೆಕ್ಕೆಗಳನ್ನು ಸಾಕಷ್ಟು ಎತ್ತಲಾರದು, ಎಂಜಿನ್ನುಗಳಿಗೂ ಕಸುವು ಕಡಿಮೆ. ತುಂಬಿದ ವಿಮಾನವೊಂದು ಚಳಿಯ ದೇಶದಲ್ಲಿ ಓಡುವುದಕ್ಕಿಂತ ಹೆಚ್ಚು ದೂರ ಓಡಿದರೆ ಮಾತ್ರ ಇಲ್ಲಿ ಮೇಲೇಳುತ್ತದೆ. ಜೆಬೆಲ್ ಅಲಿಯಲ್ಲಿ 2010ರಲ್ಲಿ ತೆರೆದ ಮೊದಲ ರನ್‌ವೇ ನಾಲ್ಕೂವರೆ ಕಿಲೋಮೀಟರು ಉದ್ದವಿರುವುದು ವೃಥಾ ಆಡಂಬರವಲ್ಲ. ಅದು ವಾಯವ್ಯಕ್ಕೆ ಮುಖಮಾಡಿರುವುದಕ್ಕೂ ಕಾರಣವಿದೆ: ಆ ಸೀಮೆಯಲ್ಲಿ ಬೀಸುವ 'ಶಮಾಲ್' ಎಂಬ ಗಾಳಿ ಬರುವುದು ಆ ದಿಕ್ಕಿನಿಂದ, ವಿಮಾನಗಳು ಗಾಳಿಗೆದುರಾಗಿಯೇ ಏರಬೇಕು, ಇಳಿಯಬೇಕು.

ಇವುಗಳ ಸಾಲಿಗೆ 2024ರ ಏಪ್ರಿಲ್ ನಾಲ್ಕನೆಯದನ್ನು ಸೇರಿಸಿತು. ಮಳೆಯೇ ಬಾರದೆಂದು ನಂಬಿದ ಊರಿನಲ್ಲಿ ನೀರು ಹರಿದುಹೋಗಲು ಸಾಕಷ್ಟು ಚರಂಡಿಯಿರಲಿಲ್ಲ. ಇಷ್ಟು ವಿಶಾಲವಾದ ಬಯಲನ್ನು ಕಾಂಕ್ರೀಟಿನಿಂದ ಮುಚ್ಚುವವರು ಇನ್ನು ಮುಂದೆ ಮೋಡವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಮರಳೋ, ಮರುಳೋ?

ಕಾಲು ಚಾಚಿದಾಗಲೆಲ್ಲ ಹಾಸಿಗೆ ಉದ್ದವಾಯಿತೆಂದು ಹೇಳಿದರೆ ಕಥೆ ಸುಂದರವಾಗುತ್ತದೆ, ಆದರೆ ಸಂಪೂರ್ಣವಾಗುವುದಿಲ್ಲ. ಇದೇ ಜೆಬೆಲ್ ಅಲಿಯ ನೆಲವೇ ಅದಕ್ಕೆ ಸಾಕ್ಷಿ.

ಅಲ್ಲಿಯ ಅಲ್ ಮಕ್ತೂಮ್ ನಿಲ್ದಾಣ ಇಂದು ನಿನ್ನೆಯ ಕನಸಲ್ಲ. ಅದರ ಕಾಮಗಾರಿ ನಡೆಯುತ್ತಿದ್ದಾಗಲೇ, 2009ರ ನವೆಂಬರಿನಲ್ಲಿ, ದುಬೈ ಸರ್ಕಾರದ ದೊಡ್ಡ ಸಂಸ್ಥೆಯೊಂದು ಸಾಲ ತೀರಿಸಲು ಕಾಲಾವಕಾಶ ಬೇಡುವ ಪರಿಸ್ಥಿತಿ ಬಂದಿತು. ಅಬುಧಾಬಿ ನೀಡಿದ 1,000 ಕೋಟಿ ಡಾಲರುಗಳ ನೆರವಿನಿಂದ ಮಾನ ಉಳಿಯಿತು. 2010ರ ಜೂನಿನಲ್ಲಿ ಒಂದೇ ರನ್‌ವೇಯೊಡನೆ ಸರಕಿನ ವಿಮಾನಗಳಿಗೆ, 2013ರ ಅಕ್ಟೋಬರಿನಲ್ಲಿ ಪ್ರಯಾಣಿಕರಿಗೆ ಆ ನಿಲ್ದಾಣ ತೆರೆಯಿತು. 2014ರಲ್ಲಿ 3,200 ಕೋಟಿ ಡಾಲರುಗಳ ವಿಸ್ತರಣೆಯನ್ನು ಘೋಷಿಸಿದರು. ಅದು ಮುಂದೂಡಿತು, ಬಳಿಕ ನಿಂತೇಹೋಯಿತು. ಹಳೆಯ ನಿಲ್ದಾಣದ ರನ್‌ವೇ ದುರಸ್ತಿಯಾದಾಗ ಬದಲಿ ನೆಲೆಯಾಗಿ, ವಿಮಾನ ಪ್ರದರ್ಶನದ ಬಯಲಾಗಿ, ಕೋವಿಡ್ ಕಾಲದಲ್ಲಿ ಕೆಲಸವಿಲ್ಲದ ವಿಮಾನಗಳ ಕೊಟ್ಟಿಗೆಯಾಗಿ ಅದು ದಿನ ಕಳೆಯಿತು. ಹಾಸಿಗೆಯಿಲ್ಲದೆ ಚಾಚಿದ ಕಾಲು ಹೀಗೆ ಹದಿನಾಲ್ಕು ವರ್ಷ ಚಳಿಯಲ್ಲೇ ಇತ್ತು.

ಬಂದುಹೋಗುವವರನ್ನೇ ನೆಚ್ಚಿದ ಬಾಳಿಗೆ, ಅವರು ಬಾರದ ದಿನ ಬರಗಾಲ. 2019ರಲ್ಲಿ 8.64 ಕೋಟಿ ಪ್ರಯಾಣಿಕರನ್ನು ಕಂಡ ಹಳೆಯ ನಿಲ್ದಾಣಕ್ಕೆ 2020ರಲ್ಲಿ ಬಂದವರು 2.59 ಕೋಟಿ. ಪೈಪೋಟಿಯೂ ಕಡಿಮೆಯಲ್ಲ. ದೋಹಾದ ಹೊಸ ನಿಲ್ದಾಣ 2014ರಲ್ಲಿ, ಇಸ್ತಾಂಬುಲಿನದು 2018ರಲ್ಲಿ ತೆರೆದವು. ಜೆಬೆಲ್ ಅಲಿಯಿಂದ ಒಂದು ಗಂಟೆಯ ದಾರಿಯಲ್ಲೇ ಇರುವ ಅಬುಧಾಬಿ 2023ರಲ್ಲಿ ತನ್ನ ಭವ್ಯ ಟರ್ಮಿನಲನ್ನು ತೆರೆಯಿತು. ಸೌದಿ ಅರೇಬಿಯ 2022ರಲ್ಲಿ, ರಿಯಾದಿನಲ್ಲಿ ಆರು ರನ್‌ವೇಗಳ ನಿಲ್ದಾಣವನ್ನು ಕಟ್ಟುವುದಾಗಿ ಸಾರಿತು. ಎಲ್ಲರ ಕಣ್ಣೂ ಅದೇ ಪ್ರಯಾಣಿಕನ ಮೇಲೆ: ಏಷ್ಯದಿಂದ ಯೂರೋಪಿಗೋ ಅಮೆರಿಕಕ್ಕೋ ಹೋಗುವಾಗ ನಡುವೆ ಎಲ್ಲಾದರೂ ಇಳಿದು ವಿಮಾನ ಬದಲಿಸುವವನ ಮೇಲೆ. ಅತ್ತ, ಇಂಧನ ಮಿತವಾಗಿ ಬಳಸಿ ಬಹುದೂರ ಹಾರಬಲ್ಲ ವಿಮಾನಗಳು ಬಂದಂತೆಲ್ಲ ನಡುವೆ ಇಳಿಯುವ ಅಗತ್ಯವೇ ತಗ್ಗಬಹುದು. ಇವೆಲ್ಲಕ್ಕೂ ಮೇಲೆ ಯುದ್ಧದ ಭೀತಿ. 2025ರ ಜೂನ್ 23ರಂದು ಇರಾನಿನ ಕ್ಷಿಪಣಿಗಳಿಗೆ ಅಂಜಿ ಕತಾರ್ ತನ್ನ ಆಕಾಶವನ್ನೇ ಮುಚ್ಚಿದಾಗ, ಕೊಲ್ಲಿಯ ವಿಮಾನಯಾನವೆಲ್ಲ ಅಸ್ತವ್ಯಸ್ತವಾಯಿತು.

ಮತ್ತೂ ದುಬೈ ಮುಂದಡಿಯಿಡುತ್ತಿದೆ. ನಿಂತರೆ ಇತರರು ಮುಂದೆ ಹೋಗುತ್ತಾರೆ, ನಡೆದರೆ ಬೀಳಬಹುದು; ಬೀಳುವ ಭಯಕ್ಕಿಂತ ಹಿಂದುಳಿಯುವ ಭಯವೇ ಆ ಊರಿಗೆ ದೊಡ್ಡದು.

ಹಾಸಿಗೆ ನೇಯುವವರು

ಈ ಲೆಕ್ಕಗಳ ನಡುವೆ ಮರೆತುಹೋಗುವವರು ಕೆಲವರುಂಟು. ಅರಸರ ಇಚ್ಛೆಯನ್ನು ಕಲ್ಲು ಕಬ್ಬಿಣಗಳಲ್ಲಿ ನಿಲ್ಲಿಸುವವರು ಅರಬ್ಬರಲ್ಲ. ಅರಬ್ ಸಂಯುಕ್ತ ಸಂಸ್ಥಾನಗಳ ನಿವಾಸಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಪರದೇಶದವರು. ಅವರಲ್ಲಿ ಭಾರತೀಯರೇ 35 ಲಕ್ಷಕ್ಕೂ ಅಧಿಕ. ಇಂಥ ಕಟ್ಟೋಣಗಳಲ್ಲಿ ಸರಳು ಬಗ್ಗಿಸುವ, ಹಲಗೆ ಹೊಡೆಯುವ, ಎರಕ ಹೊಯ್ಯುವ ಕೈಗಳು ಬಹುಮಟ್ಟಿಗೆ ಭಾರತ, ನೇಪಾಳ, ಪಾಕಿಸ್ತಾನ, ಬಾಂಗ್ಲಾದೇಶಗಳಿಂದ ಬಂದವು.

ಬೇಸಗೆಯಲ್ಲಿ, ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಯಲಿನಲ್ಲಿ ದುಡಿಸಬಾರದೆಂದು ಆ ದೇಶದ ಕಾನೂನಿದೆ. ಕಾರ್ಮಿಕನ ಪಾಸ್‌ಪೋರ್ಟನ್ನು ಧಣಿ ತನ್ನಲ್ಲಿಟ್ಟುಕೊಳ್ಳುವಂತಿಲ್ಲ. ಕೆಲಸ ಕೊಡಿಸಿದ್ದಕ್ಕೆ ಅವನಿಂದ ಹಣ ಕೀಳುವಂತಿಲ್ಲ. ಇವು ಒಳ್ಳೆಯ ಕಾನೂನುಗಳು. ಆದರೆ ಸೂರ್ಯ ಮೂರು ಗಂಟೆಗೆ ತಣ್ಣಗಾಗುವುದಿಲ್ಲ. ದಲ್ಲಾಳಿಗೆ ಕೊಡಲು ಹುಟ್ಟೂರಿನಲ್ಲಿ ಮಾಡಿದ ಸಾಲವನ್ನು ದುಬೈನ ಕಾನೂನು ತೀರಿಸುವುದಿಲ್ಲ. ಎಷ್ಟು ವರ್ಷ ದುಡಿದರೂ ಆ ನಾಡಿನ ಪ್ರಜೆಯಾಗುವ ಹಾದಿ ಸಾಮಾನ್ಯ ಕಾರ್ಮಿಕನಿಗಿಲ್ಲ. ಮೈಯಲ್ಲಿ ಕಸುವಿರುವತನಕ ಅಲ್ಲಿ, ಆಮೇಲೆ ಊರಿಗೆ. ನಿಲ್ದಾಣವನ್ನು ಕಟ್ಟುವವನಿಗೆ ಇಡಿಯ ದೇಶವೇ ಒಂದು ನಿಲ್ದಾಣ.

2024ರಲ್ಲಿ ದುಬೈ ನಿಲ್ದಾಣವನ್ನು ಬಳಸಿದವರಲ್ಲಿ ಭಾರತಕ್ಕೆ ಸಂಬಂಧಿಸಿದ ಪ್ರಯಾಣಿಕರೇ ಮೊದಲಿಗರು, ಸುಮಾರು 1.2 ಕೋಟಿ. ಅವರಲ್ಲಿ ಮಂಗಳೂರು, ಉಡುಪಿ, ಭಟ್ಕಳದ ಕಡೆಯವರು ಅನೇಕರು. ಮಂಗಳೂರಿನಿಂದ ನೇರ ವಿಮಾನವಿಲ್ಲದ ಕಾಲದಲ್ಲಿ ಅವರ ಹಿರಿಯರು ಬೊಂಬಾಯಿಗೆ ಹೋಗಿ ಅಲ್ಲಿಂದ ಕೊಲ್ಲಿಗೆ ಹಾರುತ್ತಿದ್ದರು. ಕರಾವಳಿಯ ಎಷ್ಟೋ ಮನೆಗಳ ಹೆಂಚು, ಎಷ್ಟೋ ಮಕ್ಕಳ ಶಾಲೆಯ ಶುಲ್ಕ, ಎಷ್ಟೋ ಹೆಣ್ಣುಮಕ್ಕಳ ಮದುವೆಯ ಖರ್ಚು ದುಬೈನ ದುಡಿಮೆಯಿಂದ ಬಂದದ್ದು. ಆ ದಾರಿಗೆ ತೆತ್ತ ಬೆಲೆಯನ್ನೂ ಕರಾವಳಿ ಬಲ್ಲದು. 2010ರ ಮೇ 22ರ ಮುಂಜಾನೆ ದುಬೈನಿಂದ ಬಂದ ವಿಮಾನವು ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯನ್ನು ದಾಟಿ ಕಮರಿಗೆ ಬಿದ್ದು, ಅದರಲ್ಲಿದ್ದ 166 ಜನರಲ್ಲಿ 158 ಮಂದಿ ಮಡಿದರು. ರಜೆಗೆಂದು ಮನೆಗೆ ಬರುತ್ತಿದ್ದವರು ಅವರಲ್ಲಿ ಹಲವರು.

ಜೆಬೆಲ್ ಅಲಿಯಲ್ಲಿ ಏಳಲಿರುವುದು ಜಗತ್ತಿನ ಅತಿ ದೊಡ್ಡ ನಿಲ್ದಾಣವಾಗಬಹುದು. ಹಿಂದಿನಂತೆ ನಡುದಾರಿಯಲ್ಲಿ ಮತ್ತೊಮ್ಮೆ ನಿಲ್ಲಲೂಬಹುದು. 440 ರೂಪಾಯಿಯ ಬಾಡಿಗೆಯಿಂದ 12,800 ಕೋಟಿ ದಿರ್ಹಾಂವರೆಗೆ ನಡೆದುಬಂದ ಊರಿನ ಛಲವನ್ನು ಕಂಡವರು, ಅದು ಆಗದೆಂದು ಹೇಳಲು ಹಿಂದೆಮುಂದೆ ನೋಡುವರು. ಕಾಲು ಚಾಚುವ ಧೈರ್ಯ ಅರಸರದು. ಆದರೆ ಹಾಸಿಗೆಯನ್ನು ನೇಯುವವರು ಬೇರೆ. ರಾತ್ರಿಯ ಪಾಳಿ ಮುಗಿಸಿ, ಮೈತುಂಬ ಸಿಮೆಂಟಿನ ಧೂಳಿನೊಡನೆ ಬಸ್ಸಿನಲ್ಲಿ ಬಿಡಾರಕ್ಕೆ ಮರಳುವವರು ಅವರು. 26 ಕೋಟಿ ಜನ ಹಾಯುವ ಆ ನಿಲ್ದಾಣದಿಂದ, ಅದನ್ನು ಕಟ್ಟಿದವನು ಒಂದು ದಿನ ಸಾಲ ತೀರಿಸಿ, ಕೈಯಲ್ಲಿ ನಾಲ್ಕು ಕಾಸಿಟ್ಟುಕೊಂಡು, ಮೈಯಲ್ಲಿ ಆರೋಗ್ಯವಿಟ್ಟುಕೊಂಡು ತನ್ನೂರಿಗೆ ಹಾರುವಂತಾದರೆ, ಆಗ ಆ ಹಾಸಿಗೆ ಸಾಕಷ್ಟು ಉದ್ದವಾಯಿತೆಂದು ಹೇಳಬಹುದು.